ಹಳೇ ಪಿಕಪ್ ಫೋಟೋ ಶೇರ್ ಮಾಡೋ ಮುಂಚೆ ಒಂದ್ಸಲ ತಿರುಗಿಸಿ ನೋಡಿ

ಅಮೆರಿಕದ ಹಳೇ ಪಿಕಪ್ ಟ್ರಕ್ಕುಗಳ ಪ್ರಚಾರದ ಫೋಟೋ ಅಂದ್ರೆ ಹೆಣ್ಣು ನೋಡೋಕೆ ಬರೋರಿಗೆ ಕಳಿಸೋ ಫೋಟೋ ಇದ್ದಂಗೆ, ಗಾಡಿ ಮೇಲೆ ಒಂದು ಚೂರು ಧೂಳಿರಲ್ಲ, ಪಕ್ಕದಲ್ಲಿ ನಿಂತಿರೋ ರೈತನ ಶರ್ಟಿನ ಇಸ್ತ್ರಿ ಕೂಡ ಮುದುರಿರಲ್ಲ. ಫೋರ್ಡ್, ಶೆವ್ರೊಲೆ, ಡಾಡ್ಜ್, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಲ್ರೂ ಇಂಥವನ್ನ ತೆಗೆಸಿ ಪತ್ರಿಕೆಗಳಿಗೆ, ಡೀಲರುಗಳಿಗೆ ಹಂಚ್ತಿದ್ರು. ಈಗ ಅವು ಆನ್‌ಲೈನ್ ಹರಾಜಲ್ಲಿ ಸಿಗತ್ವೆ, ನಮ್ಮೋರೂ ತರಿಸ್ಕೋತಾರೆ, ಬಂದ ತಕ್ಷಣ ಮೊಬೈಲಲ್ಲಿ ಕ್ಲಿಕ್ ಮಾಡಿ ‘1950ರ ಶೆವಿ, ಆಹಾ’ ಅಂತ ಹಾಕ್ಬಿಡ್ತಾರೆ (ಶೆವಿ ಅಂದ್ರೆ ಶೆವ್ರೊಲೆ). ನಾನೂ ಹಂಗೇ ಹಾಕಿದ್ದೆ. ಅದು 1954ರದ್ದು ಕಣ್ರೀ ಅಂತ ಹತ್ತೇ ನಿಮಿಷದಲ್ಲಿ ಒಬ್ರು ಹೇಳಿದ್ರು, ಫೋಟೋ ತಿರುಗಿಸಿದ್ರೆ ಹಿಂದೆ ಟೈಪ್ ಮಾಡಿ ಅಂಟಿಸಿದ್ದ ಚೀಟೀಲೂ ಅದೇ ಇತ್ತು.

ಹಾಗಾಗಿ ಮೊದಲ ಕೆಲಸ, ಹಿಂಬದಿ ಓದೋದು. ಕಂಪನಿಯವರ ವಿವರದ ಚೀಟಿ, ಸ್ಟುಡಿಯೋ ಹೆಸರು, ನೆಗೆಟಿವ್ ನಂಬರ್, ಪತ್ರಿಕೆ ಆಫೀಸಿನ ರಬ್ಬರ್ ಸ್ಟಾಂಪ್ ಇವೆಲ್ಲ ಅಲ್ಲೇ ಇರೋದು. ಸ್ಟಾಂಪಲ್ಲಿರೋ ತಾರೀಖನ್ನ ಕಣ್ಮುಚ್ಚಿ ನಂಬಬೇಡಿ, ಅದು ಪತ್ರಿಕೆಗೆ ಬಂದ ದಿನವೋ ಅಚ್ಚಾದ ದಿನವೋ ಇರಬಹುದು, ಜೊತೆಗೆ ಅಲ್ಲಿ ಮುಂದಿನ ವರ್ಷದ ಮಾಡೆಲ್ಲು ಎಷ್ಟೋ ಸಲ ಹಿಂದಿನ ವರ್ಷಾನೇ ಬಂದ್ಬಿಡ್ತಿತ್ತು. ಚೀಟಿ ಅರ್ಧ ಕಿತ್ತು ಬಂದಿದ್ರೆ ಪೂರ್ತಿ ಕೀಳೋಕೆ ಹೋಗ್ಬೇಡಿ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ.

ಆಮೇಲೆ ಗಾಡೀನ ನೋಡಿ, ಚೀಟಿ ಸರಿ ಹೇಳ್ತಿದ್ಯಾ ಅಂತ ತಾಳೆ ಹಾಕಿ. ನನಗೆ ತುಂಬಾ ಮಜಾ ಕೊಡೋ ಭಾಗ ಇದು. ಶೆವ್ರೊಲೆಯ ‘ಅಡ್ವಾನ್ಸ್ ಡಿಸೈನ್’ ಪಿಕಪ್ಪುಗಳು 1947ರಿಂದ 1955ರ ಶುರುವಿನವರೆಗೆ ಬಂದ್ವು, ದೂರದಿಂದ ನೋಡಿದ್ರೆ ಎಲ್ಲಾ ಒಂದೇ ಥರ, ಆದ್ರೆ ಬಾಗಿಲ ಕಿಟಕಿಯ ಮುಂದಿನ ಮೂಲೇಲಿ ಗಾಳಿಗೆ ತೆರೆಯೋ ಪುಟ್ಟ ತ್ರಿಕೋನದ ಗಾಜಿದ್ರೆ ಅದು 1951 ಅಥವಾ ಆಮೇಲಿಂದು, ಬಾಗಿಲ ಹಿಡಿಯಲ್ಲಿ ಒತ್ತೋ ಬಟನ್ ಇದ್ರೆ 1952 ಅಥವಾ ಆಮೇಲಿಂದು, ಮುಂದಿನ ಗಾಜು ನಡುವೆ ಪಟ್ಟಿ ಇಲ್ದೆ ಒಂದೇ ತುಂಡಾಗಿದ್ರೆ 1954 ಅಥವಾ 55ರ ಮೊದಲ ತಿಂಗಳುಗಳದ್ದು. ನಾನು ಎಡವಿದ್ದು ಈ ಗಾಜಿನ ವಿಷಯದಲ್ಲೇ! ಫೋರ್ಡಲ್ಲಿ ಎಫ್-1 ಬಂದಿದ್ದು 1948ಕ್ಕೆ, ಅದು ಎಫ್-100 ಆಗಿದ್ದು 1953ಕ್ಕೆ, ಹಾಗಾಗಿ ‘1950ರ ಎಫ್-100’ ಅಂತ ಯಾರಾದ್ರೂ ಬರೆದಿದ್ರೆ ಸುಮ್ನೆ ನಕ್ಕು ಮುಂದೆ ಹೋಗಿ. ಅನುಮಾನ ಇದ್ರೆ ಫೋರ್ಡ್ 2022ರಲ್ಲಿ ತೆರೆದ ‘ಹೆರಿಟೇಜ್ ವಾಲ್ಟ್’ ಅನ್ನೋ ಆನ್‌ಲೈನ್ ಸಂಗ್ರಹ ನೋಡಿ, ಹಳೇ ಫೋಟೋ, ಬ್ರೋಷರ್ ಎಲ್ಲಾ ಇದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ದಾದ್ರೆ ವಿಸ್ಕಾನ್ಸಿನ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿ ಹುಡುಕಿ.

ಇನ್ನು ಸ್ಕ್ಯಾನ್. ಮೊಬೈಲಲ್ಲಿ ತೆಗೆದ್ರೆ ಹೊಳಪಿನ ಕಾಗದದ ಮೇಲೆ ಟ್ಯೂಬ್‌ಲೈಟು, ನಿಮ್ಮ ಮುಖ, ಎರಡೂ ಬೀಳತ್ವೆ. ಪತ್ರಿಕೆಗೆ ಕಳಿಸ್ತಿದ್ದ ಪ್ರಿಂಟ್ ಸಾಮಾನ್ಯವಾಗಿ 8 ಇಂಚು ಅಗಲ 10 ಇಂಚು ಉದ್ದ, ಅದನ್ನ ಫ್ಲ್ಯಾಟ್‌ಬೆಡ್ ಸ್ಕ್ಯಾನರಲ್ಲಿ 600 ಡಿಪಿಐಗೆ (ಅಂದ್ರೆ ಇಂಚಿಗೆ 600 ಚುಕ್ಕಿ) ಇಟ್ರೆ 4800 ಗುಣಿಸು 6000 ಪಿಕ್ಸೆಲ್ ಸಿಗತ್ತೆ, ನಂಬರ್ ಪ್ಲೇಟೂ ಓದಬಹುದು. ಕಪ್ಪು ಬಿಳುಪಾದ್ರೂ ಕಲರ್ ಮೋಡಲ್ಲೇ ಮಾಡಿ, ಸಂಪಾದಕರು ಫೋಟೋ ಎಲ್ಲಿಗೆ ಕತ್ತರಿಸ್ಬೇಕು ಅಂತ ಕೆಂಪು ಪೆನ್ಸಿಲಲ್ಲಿ ಹಾಕಿದ ಕ್ರಾಪ್ ಗೆರೆಗಳು ಆಗ್ಲೇ ಎದ್ದು ಕಾಣೋದು. ಬ್ರೋಷರ್ ಆದ್ರೆ ಅಚ್ಚಿನ ಚುಕ್ಕಿಗಳಿಂದ ಅಲೆಅಲೆ ಗೆರೆ ಬರತ್ತೆ, ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಆನ್ ಮಾಡಿ. ಮೂಲ ಫೈಲ್ ಟಿಫ್‌ನಲ್ಲಿ ಇರಲಿ, ಹಂಚೋಕೆ ಜೆಪೆಗ್ ಸಾಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಮರೀಬೇಡಿ.

ದಯವಿಟ್ಟು ಎಐ ಹತ್ರ ಬಣ್ಣ ಹಚ್ಚಿಸ್ಬೇಡಿ. 1955ರಲ್ಲಿ ಶೆವ್ರೊಲೆ ‘ಕ್ಯಾಮಿಯೋ ಕ್ಯಾರಿಯರ್’ ಅಂತ ಶೋಕಿ ಪಿಕಪ್ ತಂತು, ಹಿಂದಿನ ತೊಟ್ಟಿಯ ಹೊರಮೈ ಫೈಬರ್‌ಗ್ಲಾಸ್, ಆ ಮೊದಲ ವರ್ಷ ಅದು ಬರ್ತಿದ್ದಿದ್ದೇ ಬಿಳಿ ಕೆಂಪು ಜೋಡೀಲಿ, ಆ ಬಿಳಿಗೆ ಅವರಿಟ್ಟಿದ್ದ ಹೆಸರು ‘ಬಾಂಬೆ ಐವರಿ’! ಡೆಟ್ರಾಯಿಟಲ್ಲಿ ಕೂತೋರಿಗೆ ಬಾಂಬೆ ಯಾಕೆ ನೆನಪಾಯ್ತೋ. ಇದರ ಕಪ್ಪು ಬಿಳುಪು ಫೋಟೋನ ಎಐಗೆ ಕೊಟ್ರೆ ಅದು ಆರಾಮಾಗಿ ನೀಲಿ ಬಳಿದು ಕೊಡತ್ತೆ, ನಾಳೆ ಇನ್ಯಾರೋ ಅದನ್ನೇ ಸಾಕ್ಷಿ ಅಂತ ತೋರಿಸ್ತಾರೆ.

ಹಕ್ಕಿನ ವಿಷಯ ಬೇಗ ಹೇಳ್ಬಿಡ್ತೀನಿ. ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ದಾಟಿದ ಚಿತ್ರಗಳಿಗೆ ಕಾಪಿರೈಟ್ ಇಲ್ಲ, ಅಂದ್ರೆ 1925ರಲ್ಲಿ 281 ಡಾಲರಿಗೆ ಸಿಗ್ತಿದ್ದ ಫೋರ್ಡ್ ಮಾಡೆಲ್ ಟಿ ಪಿಕಪ್ಪಿನ ಆಗಿನ ಜಾಹೀರಾತನ್ನ ಧಾರಾಳವಾಗಿ ಹಾಕಿ. 1977ರವರೆಗೆ ಕಾಪಿರೈಟ್ ಗುರುತೇ ಇಲ್ದೆ ಅಲ್ಲಿ ಪ್ರಕಟವಾಗಿದ್ದೂ ಸಾಮಾನ್ಯವಾಗಿ ಮುಕ್ತ, ಗುರುತು ಇದ್ಯಾ ಇಲ್ವಾ ನೋಡೋಕೆ ಮತ್ತೆ ಹಿಂಬದೀನೇ ತಿರುಗಿಸ್ಬೇಕು. ಬೇರೆಯವರ ಸ್ಕ್ಯಾನ್ ಎತ್ಕೊಂಡು ನಿಮ್ಮ ಹೆಸರಿನ ವಾಟರ್‌ಮಾರ್ಕ್ ಹಾಕೋದು ಕಾನೂನು ಏನೇ ಹೇಳ್ಲಿ, ಕೆಟ್ಟ ಬುದ್ಧಿ.

ಹಂಚೋವಾಗ ವಾಟ್ಸ್ಯಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಅದು ಕುಗ್ಗಿಸಿ ಒಳಗಿನ ಮಾಹಿತೀನೂ ಅಳಿಸಿಬಿಡತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ. ಫೈಲಿನ ಹೆಸರಲ್ಲೇ ವರ್ಷ, ಕಂಪನಿ, ಮಾಡೆಲ್ ಇರಲಿ. ಅಡಿಬರಹ ಹೀಗಿದ್ರೆ ಸಾಕು: ‘ಶೆವ್ರೊಲೆ 3100, 1954, ಕಂಪನಿಯ ಪ್ರಚಾರ ಫೋಟೋ, ವರ್ಷ ಹಿಂಬದಿ ಚೀಟಿಯಿಂದ, ಸ್ಕ್ಯಾನ್ ನನ್ನದು.’ ಊಹೆ ಆದ್ರೆ ಊಹೆ ಅಂತಲೇ ಬರೀರಿ. ಮೊದಲ ಚಿತ್ರ ಮುಂಬದಿ, ಎರಡನೇದು ಹಿಂಬದಿ. ನನ್ನ 54ರ ಶೆವೀನ ಹೀಗೆ ಮತ್ತೆ ಹಾಕಿದೆ, ಈ ಸಲ ಗಾಡಿ ಬಗ್ಗೆ ಯಾರೂ ತಕರಾರು ತೆಗೀಲಿಲ್ಲ, ಹಿಂದೆ ಮೂಲೇಲಿ ಪೆನ್ಸಿಲಲ್ಲಿ ಗೀಚಿರೋ ನಂಬರ್ ಏನು ಅಂತ ಮಾತ್ರ ಮೂರು ಜನ ಜಗಳ ಆಡ್ತಿದಾರೆ.