ಸಹಿ ಬಿಟ್ಟು ಮಾತು ಕಳಿಸಿದೆವು: ಕರಡು ಅಧಿಸೂಚನೆಗೆ ಆಕ್ಷೇಪಣೆ ಬರೆಸಿದ ನನ್ನ ಅನುಭವ

ಆರ್‌ಟಿಐ ಉತ್ತರದ ಲಕೋಟೆ ಬಂದ ದಿನ ನಾನು ಮೊದಲು ಹುಡುಕಿದ್ದು ಡೈರಿ ನಂಬರ್‌ಗಳನ್ನು, ಅಂದರೆ ಬಂದ ಪತ್ರಕ್ಕೆ ಕಚೇರಿ ಕೊಡುವ ದಾಖಲೆ ಸಂಖ್ಯೆಗಳನ್ನು. ಪಶ್ಚಿಮ ಘಟ್ಟದ ಕರಡು ಅಧಿಸೂಚನೆಯ ಬಗ್ಗೆ ನಮ್ಮ ಹೋಬಳಿಯಿಂದ ದೆಹಲಿಗೆ ಹೋಗಿದ್ದು 118 ಪತ್ರ. ಪಟ್ಟಿಯಲ್ಲಿ 109 ಸಿಕ್ಕವು, ಪ್ರತಿಯೊಂದಕ್ಕೂ ಬೇರೆ ಬೇರೆ ನಂಬರ್. ಈ ಕೆಲಸ ಮಾಡಿದವರಿಗೆ ಮಾತ್ರ ಅದರ ಬೆಲೆ ಗೊತ್ತು. ಹಾಗಾಗಿ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ಮೊದಲು ಸೋತ ಕಥೆ. 2018ರ ಅಕ್ಟೋಬರ್‌ನಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಬಗ್ಗೆ ಕೇಂದ್ರದ ಕರಡು ಮತ್ತೆ ಬಂತು. ಆಕ್ಷೇಪಣೆ ಕಳಿಸಲು ಅರವತ್ತು ದಿನದ ಕಾಲಾವಕಾಶ. ನಾವು ಎಲ್ಲರಂತೆ ಒಂದು ಮನವಿ ಟೈಪ್ ಮಾಡಿಸಿ, ಹಾಳೆ ಹಿಡಿದು ಊರೂರು ಸುತ್ತಿದೆವು. ಸುಮಾರು 640 ಸಹಿ ಆಯಿತು. ಜೀಪಿನ ಡೀಸೆಲ್, ಜೆರಾಕ್ಸ್, ಊಟ ಎಲ್ಲ ಸೇರಿ ಒಂಬತ್ತು ಸಾವಿರದಷ್ಟು ಖರ್ಚು. ಎಲ್ಲವನ್ನೂ ಒಂದೇ ಕಟ್ಟು ಮಾಡಿ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆವು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಆ 640 ಜನ ಸೇರಿ ಲೆಕ್ಕದಲ್ಲಿ ಒಂದೇ ಒಂದು ಪತ್ರ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಹಿ ಹಾಕಿದವರ ಮುಖಗಳೇ ಕಣ್ಣ ಮುಂದೆ ಬರುತ್ತಿದ್ದವು.

ಎರಡನೇ ಸೋಲು 2020ರಲ್ಲಿ. ಇಐಎ (ಯೋಜನೆಗಳಿಂದ ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ನಿಯಮದ ಕರಡು ಬಂದದ್ದು ಲಾಕ್‌ಡೌನ್ ಹೊತ್ತಿಗೆ. ಇಂಗ್ಲಿಷ್, ಹಿಂದಿ ಬಿಟ್ಟರೆ ಬೇರೆ ಭಾಷೆಯಲ್ಲಿ ಇರಲಿಲ್ಲ. ಜೂನ್ 30ಕ್ಕೆ ದೆಹಲಿ ಹೈಕೋರ್ಟ್ ಆಗಸ್ಟ್ 11ರವರೆಗೆ ಗಡುವು ಕೊಟ್ಟು, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದ ಮಾಡಿಸಿ ಎಂದಿತು. ನಮ್ಮ ಕೈಗೆ ಕನ್ನಡ ಅನುವಾದ ಬರಲಿಲ್ಲ. ಆಗಸ್ಟ್ ಮೊದಲ ವಾರ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆಗೇ ಮಧ್ಯಂತರ ತಡೆ ಕೊಟ್ಟಿತು. ನಾವು ಮಾಡಿದ್ದೇನು? ವಾಟ್ಸ್ಆ್ಯಪ್‌ನಲ್ಲಿ ಬಂದ ಸಿದ್ಧ ಮೇಲ್ ಅನ್ನು ಇದ್ದ ಹಾಗೇ ಕಳಿಸಿದೆವು, ಇನ್ನೂರು ಚಿಲ್ಲರೆ. ಎಷ್ಟೋ ವಾಪಸ್ ಬಂದವು. ಒಂದೇ ಫೋನಿನಿಂದ ಜಾಸ್ತಿ ಕಳಿಸಿದ ಹುಡುಗನ ಖಾತೆ ಎರಡು ದಿನ ಬಂದ್ ಆಯಿತು. ದೇಶದಾದ್ಯಂತ 17 ಲಕ್ಷಕ್ಕೂ ಜಾಸ್ತಿ ಪ್ರತಿಕ್ರಿಯೆ ಹೋಗಿದ್ದವು. ಅದರಲ್ಲಿ ನಮ್ಮದು ಯಾವುದು ಅಂತ ನಮಗೇ ಹೇಳಲು ಆಗುತ್ತಿರಲಿಲ್ಲ.

ಆದರೆ ಅದೇ ಗುಂಪಿನಲ್ಲಿ ಒಬ್ಬ ಮೇಷ್ಟ್ರು ಸಿದ್ಧ ಪತ್ರ ಬಿಟ್ಟು ತಾವೇ ನಾಲ್ಕು ಸಾಲು ಬರೆದರು. 2006ರ ಇಐಎ ಅಧಿಸೂಚನೆಯಲ್ಲಿ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನದ ನೋಟಿಸ್ ಇದೆ. ಕರಡು ಅದನ್ನು 20ಕ್ಕೆ ಇಳಿಸಿತ್ತು. ಮೇಷ್ಟ್ರು ಬರೆದದ್ದು ಇಷ್ಟೇ: ಮಳೆಗಾಲದಲ್ಲಿ ನಮ್ಮ ಹೊಳೆ ದಾಟಿ ಪೇಪರ್ ಬರುವುದೇ ಮೂರು ದಿನ ತಡ, ಪಂಚಾಯಿತಿಗೆ ಹೋಗಿ ವರದಿ ಓದಲು ಒಂದು ದಿನದ ಕೂಲಿ ಬಿಡಬೇಕು, ಓದಿ ಹೇಳುವವರನ್ನು ಹುಡುಕಲು ವಾರ ಬೇಕು, ಇಪ್ಪತ್ತರಲ್ಲಿ ನಮಗೆ ಉಳಿಯುವುದು ಎಷ್ಟು? ಓದಿದ ಕೂಡಲೇ ನನಗೆ ದಾರಿ ಕಂಡಿತು. ಒಬ್ಬರು, ಒಂದೇ ಕಲಂ, ಅವರದೇ ಜಾಗದ ಒಂದು ಅನುಭವ. ಅಷ್ಟೇ ಸಾಕು.

ಇದನ್ನು ಹೇಳಿದಾಗ ನಮ್ಮ ಸಂಘದ ಹಿರಿಯರು ಒಪ್ಪಲಿಲ್ಲ. 'ತಮ್ಮಾ, ಅವರು ನೋಡೋದು ತಲೆ ಲೆಕ್ಕ. ಕಥೆ ಓದೋಕೆ ಯಾರಿಗೆ ಪುರುಸೊತ್ತಿದೆ?' ಎಂದರು. ನಾನು ಬಿಡಲಿಲ್ಲ.

ಅದನ್ನು ಮಾಡಿ ನೋಡಿದ್ದು 2024ರ ಜುಲೈ 31ರ ಪಶ್ಚಿಮ ಘಟ್ಟದ ಕರಡಿಗೆ. ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು. ಪರಿಸರ ಸೂಕ್ಷ್ಮ ಎಂದು ಕರಡು ಗುರುತಿಸಿದ್ದು ಆರು ರಾಜ್ಯ ಸೇರಿ 56,825 ಚದರ ಕಿಲೋಮೀಟರ್, ಅದರಲ್ಲಿ ನಮ್ಮ ರಾಜ್ಯದ್ದೇ 20,668. ಒಂದು ಕಡೆ ಗುಡ್ಡದ ಭಯ, ಇನ್ನೊಂದು ಕಡೆ ತೋಟ ಹೋಗುತ್ತದೆ, ಮನೆ ಕಟ್ಟಲು ಬಿಡುವುದಿಲ್ಲ ಎಂಬ ಮಾತು. ಕರಡನ್ನು ಓದಿದವರು ಮಾತ್ರ ಬೆರಳೆಣಿಕೆ.

ಮೊದಲ ಮೂರು ವಾರ ನನ್ನ ತಪ್ಪಿನಿಂದಲೇ ಹಾಳಾಯಿತು. ಜನ ಹೇಳಿದ್ದನ್ನು ನಾನು ಕೂತು 'ಚೆನ್ನಾಗಿ' ಬರೆದೆ. ಇಪ್ಪತ್ತು ಪತ್ರ ಆದ ಮೇಲೆ ಸಾಲಾಗಿ ಓದಿದರೆ ಎಲ್ಲವೂ ನನ್ನದೇ ದನಿ! 2018ರ ಮನವಿಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಇಪ್ಪತ್ತನ್ನೂ ಹರಿದು ಹಾಕಿದೆ.

ಆಮೇಲೆ ಹೀಗೆ ಮಾಡಿದೆವು. ಕರಡಿನ ಒಂದೊಂದು ಕಲಮನ್ನು ಕನ್ನಡದಲ್ಲಿ ಒಂದೊಂದು ರಟ್ಟಿನ ಕಾರ್ಡಿಗೆ ಇಳಿಸಿದೆವು. ಗಣಿ, ಕ್ವಾರಿ, ಮರಳು ಪೂರ್ತಿ ನಿಷೇಧ, ಈಗಿರುವ ಗಣಿಗಳನ್ನು ಐದು ವರ್ಷದೊಳಗೆ ಅಥವಾ ಲೀಸ್ ಮುಗಿದ ಕೂಡಲೇ ನಿಲ್ಲಿಸುವುದು ಒಂದು ಕಾರ್ಡ್. ಹೊಸ ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯ ಮಾಡುವ) ಕಾರ್ಖಾನೆಗೆ ನಿಷೇಧ ಇನ್ನೊಂದು. 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಕ್ಕೆ ನಿಷೇಧ ಮತ್ತೊಂದು. ಈ ಕೊನೆಯ ಕಾರ್ಡ್ ಓದಿದಾಗ 'ನಮ್ಮನೆ ಅಷ್ಟು ದೊಡ್ಡದಾ?' ಅಂತ ಒಬ್ಬರು ಕೇಳಿದರು. ಅರ್ಧ ಭಯ ಅಲ್ಲೇ ಇಳಿಯಿತು. ಕಾರ್ಡ್ ಓದುವುದು, ಜನ ತಮಗೆ ತಟ್ಟಿದ್ದನ್ನು ಆರಿಸಿಕೊಳ್ಳುವುದು, ಬಾಯಲ್ಲಿ ಹೇಳುವುದು, ಫೋನಿನಲ್ಲಿ ರೆಕಾರ್ಡ್. ನಮ್ಮ ಹುಡುಗರು ಅದನ್ನು ಆಡಿದ ಹಾಗೇ ಬರೆದು, ಓದಿ ಕೇಳಿಸಿ, ಆಮೇಲೆ ಸಹಿ ಹಾಕಿಸುತ್ತಿದ್ದರು. ಒಂದು ಪತ್ರಕ್ಕೆ ಹೆಚ್ಚು ಕಡಿಮೆ ನಲವತ್ತು ನಿಮಿಷ.

ಪಂಚಾಯಿತಿ ಹಾಲ್‌ನಲ್ಲಿ ಕರೆದ ಸಭೆಗೆ ಹನ್ನೊಂದು ಜನ ಬಂದಿದ್ದರು. ಜಾಗ ಬದಲಿಸಿ ಸಂಜೆ ಹಾಲಿನ ಡೇರಿ ಮುಂದೆ ಕೂತೆವು. ಕ್ಯಾನ್ ಹಿಡಿದು ಬಂದವರು ನಿಂತು ಕೇಳಿದರು, ಮರುದಿನ ಮನೆಯವರನ್ನೂ ಕರೆತಂದರು. ಹೆಂಗಸರ ಪತ್ರ ಜಾಸ್ತಿ ಸಿಕ್ಕಿದ್ದು ಡೇರಿಯಲ್ಲೇ.

ಒಂದು ಎಚ್ಚರಿಕೆ. ಕರಡಿನ ಜೊತೆಗಿದ್ದ ಗ್ರಾಮಗಳ ಪಟ್ಟಿ ನೋಡಿ 'ನಮ್ಮೂರು ಪಟ್ಟಿಯಲ್ಲಿ ಇಲ್ಲ' ಎಂದು ಸುಮ್ನೆ ಕೂತವರು ಬಹಳ. ಪಟ್ಟಿಯಲ್ಲಿ ಇರುವುದು ಕಂದಾಯ ಗ್ರಾಮದ ಹೆಸರು, ಜನ ಹುಡುಕುವುದು ಅದರೊಳಗಿನ ಚಿಕ್ಕ ಊರಿನ, ಅಂದರೆ ಮಜರೆಯ ಹೆಸರು. ಪಹಣಿ ತರಿಸಿ ಗ್ರಾಮದ ಹೆಸರು ತಾಳೆ ನೋಡಿದರೆ ಮೂರು ಮಜರೆ ಪೂರ್ತಿ ಒಳಗೇ ಇದ್ದವು. ಪಹಣಿ ನೋಡದೆ ಈ ಕೆಲಸಕ್ಕೆ ಇಳಿಯಬೇಡಿ.

ಪತ್ರಗಳು ಹೇಗಿದ್ದವು ಗೊತ್ತಾ? ಅಡಿಕೆ ತೋಟದ ಒಬ್ಬರು ತಮ್ಮ ಸೊಪ್ಪಿನ ಬೆಟ್ಟದ (ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಿನ) ಸರ್ವೆ ನಂಬರ್ ಕೊಟ್ಟು, ಸೊಪ್ಪು ತರುವ ಹಕ್ಕಿನ ಬಗ್ಗೆ ಒಂದು ಸ್ಪಷ್ಟ ವಾಕ್ಯ ಸೇರಿಸಿ ಎಂದು ಕೇಳಿದರು. ಒಬ್ಬ ಮೇಸ್ತ್ರಿ, ಹೊಳೆಯ ಮರಳು ಪೂರ್ತಿ ನಿಂತರೆ ಎರಡು ಕೋಣೆಯ ಮನೆ ಕಟ್ಟುವವನು ಎಲ್ಲಿಗೆ ಹೋಗಬೇಕು ಎಂದು ಲೆಕ್ಕ ಸಮೇತ ಹೇಳಿದರು. ಒಬ್ಬ ಅಜ್ಜಿ ಮಾತ್ರ ಕ್ವಾರಿ ನಿಷೇಧ ಇರಲೇಬೇಕು ಎಂದರು. ಕ್ವಾರಿ ಸಿಡಿದಾಗ ಬಾವಿಯ ನೀರು ಕಲಕುವುದನ್ನು, ಎಷ್ಟು ಹೊತ್ತಿಗೆ ತಿಳಿಯಾಗುತ್ತದೆ ಎನ್ನುವುದನ್ನು ಅವರು ಹೇಳಿದ ಹಾಗೆ ಯಾವ ವಕೀಲರೂ ಬರೆಯಲಾರರು. ಪರ, ವಿರೋಧ ಎರಡನ್ನೂ ಕಳಿಸಿದೆವು. ವಿರೋಧ ಅಥವಾ ತಿದ್ದುಪಡಿ ಕೇಳಿದವು ಎಂಬತ್ತರ ಮೇಲೆ, ಉಳಿದವು ಪರ. ನಮ್ಮ ಸಂಘದಲ್ಲೇ ಕೆಲವರಿಗೆ ಇದು ಸರಿ ಕಾಣಲಿಲ್ಲ. ನನಗಂತೂ ಇದೇ ಸರಿ. ಆ ಅಜ್ಜಿಯ ಪತ್ರ ತಡೆಯುವ ಹಕ್ಕು ನನಗೆ ಯಾರು ಕೊಟ್ಟರು?

ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. 'ಮುಗೀತಲ್ಲ, ಇನ್ನೇನು ಬರೆಯೋದು' ಅಂತ ಮೂವತ್ತು ಜನ ಹಿಂದೆ ಸರಿದರು. ಕರಡು ಹೊರಡಿಸಿದ್ದು ಕೇಂದ್ರ, ಆಕ್ಷೇಪಣೆ ಹೋಗಬೇಕಾದದ್ದೂ ಅಲ್ಲಿಗೇ ಅಂತ ಮನೆ ಮನೆಗೆ ಹೋಗಿ ಹೇಳಿದೆ. ಕೆಲವರು ಮರಳಿ ಬಂದರು.

ಖರ್ಚು: ಸ್ಪೀಡ್ ಪೋಸ್ಟ್ ಒಂದಕ್ಕೆ ಜಿಎಸ್‌ಟಿ ಸೇರಿ 41 ರೂಪಾಯಿ, ಒಟ್ಟು ಐದು ಸಾವಿರದ ಹತ್ತಿರ. ಜೆರಾಕ್ಸ್, ರಟ್ಟು, ಪೆಟ್ರೋಲ್ ಸೇರಿ ಇನ್ನು ಆರು ಸಾವಿರ. ಬರೆದವರಿಂದ ತಲೆಗೆ 50 ರೂಪಾಯಿ ತಗೊಂಡೆವು. ದುಡ್ಡು ಕೇಳಿದರೆ ಜನ ಬರುವುದಿಲ್ಲ ಎಂದವರಿದ್ದರು. ಆದದ್ದು ಉಲ್ಟಾ. ದುಡ್ಡು ಕೊಟ್ಟವರು 'ನಮ್ಮ ಪತ್ರ ಮುಟ್ಟಿತಾ?' ಅಂತ ವಾರ ವಾರ ಕೇಳಿದರು. ಉಳಿದದ್ದು ನನ್ನ ಕೈಯಿಂದ. ಈಗ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟ್‌ಗೇ ಸೇರಿದೆ, ದರವೂ ಏರಿದೆ, ಲೆಕ್ಕ ಹಾಕಿಕೊಳ್ಳಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಫೋನಿನ ವಾಯ್ಸ್ ಟೈಪಿಂಗ್‌ಗೆ ನಮ್ಮ ಮಲೆನಾಡಿನ ಮಾತು ಹಿಡಿಯಲಿಲ್ಲ, ತಿದ್ದುವುದಕ್ಕಿಂತ ಬರೆಯುವುದೇ ಬೇಗ. ಅರ್ಧ ಪತ್ರಗಳಿಗೆ ಕನ್ನಡದ ಕೆಳಗೆ ಎರಡು ಸಾಲು ಇಂಗ್ಲಿಷ್ ಸಾರಾಂಶ ಹಾಕಿದೆವು, ಅರ್ಧಕ್ಕೆ ಇಲ್ಲ. ಡೈರಿ ನಂಬರ್ ಎರಡಕ್ಕೂ ಸಿಕ್ಕಿತು. ಆದರೆ ಸಾರಾಂಶ ಇದ್ದವುಗಳ ಮುಂದೆ ಮಾತ್ರ ಕಲಂ ಸಂಖ್ಯೆ ಸರಿಯಾಗಿ ನಮೂದಾಗಿತ್ತು. ಪತ್ರದ ವಿಷಯದ ಸಾಲನ್ನು ನಾವು ಬರೆಯುವ ರೀತಿ ಒಂದಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಯಾವ ದಿನ ಅಂಚೆಗೆ ಹಾಕುತ್ತೇವೆ ಎನ್ನುವುದನ್ನೂ.

ಹತ್ತು ರೂಪಾಯಿಯ ಆರ್‌ಟಿಐ ಅರ್ಜಿಗೆ ಮೊದಲು ಬಂದದ್ದು ಎರಡು ಸಾಲಿನ ಹಾರಿಕೆ ಉತ್ತರ. ಮೇಲ್ಮನವಿ ಹಾಕಿದ ಮೇಲೆ ಪುಟಕ್ಕೆ ಎರಡು ರೂಪಾಯಿ ಕಟ್ಟಿಸಿಕೊಂಡು ಪಟ್ಟಿಯ ಪ್ರತಿ ಕೊಟ್ಟರು. ಅದನ್ನು ಹಿರಿಯರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅಜ್ಜಿಯ ಹೆಸರಿನ ಮೇಲೆ ಬೆರಳಿಟ್ಟು, 'ಇವರದ್ದೂ ಹೋಗಿದೆಯಲ್ಲೋ' ಎಂದರು.

ಕಾಣೆಯಾದ ಒಂಬತ್ತರಲ್ಲಿ ಆರರ ಮೇಲೆ ಪಿನ್ ಕೋಡ್ ತಪ್ಪಿತ್ತು, ಕೈಬರಹದ ಒಂದು ಏಳರಂತೆ ಕಂಡಿದೆ. ಮುಂದಿನ ಕರಡಿಗೆ ಅಂತ ವಿಳಾಸ ಅಚ್ಚು ಹಾಕಿಸಿದ ಇನ್ನೂರು ಲಕೋಟೆ ಈಗಾಗಲೇ ಡೇರಿಯ ಕಪಾಟಿನಲ್ಲಿವೆ.