ಬನವಾಸಿ ಬಯಲಿನ ಮಂಜು: ಸಂಜೆಯೇ ಅಂದಾಜು ಹಾಕುವುದು

ಡಿಸೆಂಬರ್ ಬಂತೆಂದರೆ ನಮ್ಮ ಅಂಗಳದ ತುಂಬ ಬಿಸಿಲಿಗೆ ಒಣಹಾಕಿದ ಚಾಲಿ ಅಡಿಕೆ. ರಾತ್ರಿ ತಾಡಪಾಲು ಹೊದಿಸಬೇಕೋ ಬೇಡವೋ ಎಂಬುದು ಬೆಳಗಿನ ಮಂಜಿನ ಮೇಲೆ ನಿಂತಿದೆ. ಮೊಬೈಲಿನ ಹವಾಮಾನ ಆ್ಯಪ್ ಇಲ್ಲಿ ಕೈಕೊಡುತ್ತದೆ. ಗುಡ್ಡದ ತಲೆಯೂ ಬುಡದ ಗದ್ದೆಯೂ ಅದಕ್ಕೆ ಒಂದೇ ಚೌಕ. ಹಾಗಾಗಿ ನಾನೇ ಅಳೆಯತೊಡಗಿದೆ.

ಸಾಮಾನು ಹೆಚ್ಚೇನಿಲ್ಲ. ನೆರಳಿನ ಜಂತಿಗೆ ಎರಡು ಥರ್ಮಾಮೀಟರ್. ಒಂದರ ಬಲ್ಬಿಗೆ ತೆಳು ಹತ್ತಿಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನ ಶೀಶೆಗೆ ಇಳಿಬಿಟ್ಟಿದ್ದೇನೆ. ಓದುವ ಮೊದಲು ಬೀಸಣಿಗೆಯಿಂದ ಗಾಳಿ ಹಾಕಬೇಕು, ಇಲ್ಲದಿದ್ದರೆ ಒದ್ದೆ ಬಲ್ಬ್ ಸರಿಯಾಗಿ ತಣಿಯುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಒಣ ಬಲ್ಬ್ 21, ಒದ್ದೆ ಬಲ್ಬ್ 19 ಡಿಗ್ರಿ ತೋರಿಸಿದರೆ ಇಬ್ಬನಿ ಬಿಂದು, ಅಂದರೆ ಗಾಳಿಯ ಆವಿ ನೀರಾಗತೊಡಗುವ ತಾಪಮಾನ, ಹತ್ತಿರ ಹತ್ತಿರ 18. ಬೆಳಗಿನ ಚಳಿ 15ಕ್ಕೆ ಇಳಿಯುವ ಕಾಲವಾದರೆ ಗಾಳಿಯಲ್ಲಿರುವ ಆವಿ ನೀರಾಗಲೇಬೇಕು. ಅದೇ 22 ಮತ್ತು 16 ಇದ್ದರೆ ಬಿಂದು 12ರ ಆಸುಪಾಸು. ಆ ರಾತ್ರಿ ತಾಡಪಾಲು ಮಡಚಿಟ್ಟು ಮಲಗುತ್ತೇನೆ.

ಆದರೆ ನೀರಾದದ್ದೆಲ್ಲ ಮಂಜಾಗುವುದಿಲ್ಲ. ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸಿದ್ದು ಇದೇ. ಗಾಳಿ ಪೂರ್ತಿ ಸತ್ತ ರಾತ್ರಿ ನೆಲಕ್ಕೆ ತಾಗಿದ ತೆಳು ಪದರ ಮಾತ್ರ ತಣಿದು, ತೇವವೆಲ್ಲ ಹುಲ್ಲಿನ ಮೇಲೆ ಇಬ್ಬನಿಯಾಗಿ ಕೂತುಬಿಡುತ್ತದೆ. ಅಡಿಕೆ ಎಲೆ ಅಲ್ಲಾಡಿಯೂ ಅಲ್ಲಾಡದಷ್ಟು ಗಾಳಿಯಿದ್ದರೆ ಆ ತಂಪು ಒಂದಿಷ್ಟು ಮೇಲಕ್ಕೂ ಕಲೆತು ಮಂಜು ಎದ್ದು ನಿಲ್ಲುತ್ತದೆ. ಇನ್ನೂ ಜೋರಾದರೆ ಮೇಲಿನ ಒಣ, ಬೆಚ್ಚನೆಯ ಗಾಳಿ ಇಳಿದು ಎಲ್ಲ ಚೆದುರುತ್ತದೆ. ಇದಕ್ಕೆ ನನ್ನ ಮಾಪಕ ಊದಿನಕಡ್ಡಿಯ ಹೊಗೆ: ನೆಟ್ಟಗೆ ಏರಿದರೆ ಇಬ್ಬನಿ, ಸ್ವಲ್ಪ ಬಾಗಿ ಹರಿದರೆ ಮಂಜು, ಹರಿದು ಚಿಂದಿಯಾದರೆ ಏನೂ ಇಲ್ಲ.

ಆಕಾಶ ಶುಭ್ರವಿರಬೇಕು, ಅದು ಎಲ್ಲರಿಗೂ ಗೊತ್ತು. ನಡುರಾತ್ರಿ ತೆಳು ಮೋಡ ಬಂದರೂ ಅದು ಕಂಬಳಿಯ ಹಾಗೆ ನೆಲದ ಶಾಖ ಹಿಡಿದಿಟ್ಟು ಲೆಕ್ಕ ಕೆಡಿಸುತ್ತದೆ. ಅದಕ್ಕೇ ಮಲಗುವ ಮುಂಚೆ ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್‌ನ ಚಿತ್ರ ನೋಡುತ್ತೇನೆ. 3.9 ಮತ್ತು 10.8 ಮೈಕ್ರಾನ್ ಅವಕೆಂಪು ಕಿರಣಗಳಲ್ಲಿ ಕಾಣುವ ತಾಪಮಾನದ ವ್ಯತ್ಯಾಸದಿಂದ ಉಪಗ್ರಹ ರಾತ್ರಿಯ ಮಂಜನ್ನು ಗುರುತಿಸುತ್ತದೆ. ಉತ್ತರದ ಗಂಗಾ ಬಯಲಿಗೆ ಅದು ಭೇಷ್. ಅಲ್ಲಿ ಚಳಿಗಾಲದ ಮಳೆ, ಗೋಧಿ ಹೊಲದ ನೀರಾವರಿ, ಹೊಗೆ ಎಲ್ಲ ಸೇರಿ ರಾಜ್ಯಗಳಗಲಕ್ಕೂ ಮಂಜು ಹಾಸುತ್ತದೆ. ದೆಹಲಿ ವಿಮಾನ ನಿಲ್ದಾಣದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2015ರ ಚಳಿಗಾಲದಿಂದ ಅದನ್ನೇ ಅಳೆಯುತ್ತಿದ್ದಾರೆ. ನಮ್ಮ ವರದಾ ಹೊಳೆದಂಡೆಯ ಮಂಜು ಅಷ್ಟು ಅಗಲವಿಲ್ಲ. ಇನ್ಸಾಟ್‌ನ ಈ ಚಿತ್ರದಲ್ಲಿ ಒಂದೊಂದು ಚುಕ್ಕೆಯೂ 4 ಕಿ.ಮೀ. ಎಂದರೆ ಓಣಿಯಂಥ ಕಣಿವೆಗಳು ಅದರಲ್ಲಿ ಕರಗಿಹೋಗುತ್ತವೆ. ನಾನು ಅದನ್ನು ನೋಡುವುದು ಮೇಲ್ಮೋಡಕ್ಕಾಗಿ ಮಾತ್ರ.

ಬೆಳಿಗ್ಗೆ ಪರೀಕ್ಷೆ ಸುಲಭ. ಗದ್ದೆಬದಿಯ ವಿದ್ಯುತ್ ಕಂಬಗಳ ನಡುವಿನ ದೂರ ಅಳೆದಿಟ್ಟಿದ್ದೇನೆ. ಎಷ್ಟನೇ ಕಂಬ ಕಾಣುತ್ತದೆಂದು ಬರೆದರೆ ಆಯಿತು. ಒಂದು ಕಿ.ಮೀ.ಗಿಂತ ಕಡಿಮೆ ಕಂಡರೆ ಮಂಜು, 200 ಮೀಟರ್‌ಗಿಂತ ಕಡಿಮೆಯಾದರೆ ದಟ್ಟ ಮಂಜು, ಇದು ಹವಾಮಾನ ಇಲಾಖೆಯ ಅಳತೆ. ಸಂಜೆಯ ಅಂದಾಜನ್ನು ಪಕ್ಕದಲ್ಲೇ ಬರೆದಿರುತ್ತೇನೆ, ಆಮೇಲೆ ತಿದ್ದುವಂತಿಲ್ಲ.

ಕಾರವಾರದ ನೆಂಟರು ತಮ್ಮೂರಿಗೂ ಹೇಳು ಎನ್ನುತ್ತಾರೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಕಡಲು ರಾತ್ರಿಯಿಡೀ ಬೆಚ್ಚಗಿರುವುದರಿಂದ ದಡದ ಚಳಿ ನಮ್ಮಷ್ಟು ಇಳಿಯುವುದಿಲ್ಲ. ಒಳನಾಡಿನ ತಣ್ಣನೆ ಗಾಳಿ ಕಾಳಿ ಕಣಿವೆ ಹಿಡಿದು ಬಂದಾಗ ಹೊಳೆಯ ಮೇಲೆ ಹಬೆ ಏಳಬಹುದು, ಅಷ್ಟೇ.

ಅನಾನಸ್ ಗಾಡಿ ಹೊರಡಿಸುವವರಿಗೆ ನಾನು ಹೇಳುವುದು ಬೇರೆ. ಬೆಳಕು ಹರಿದ ಕೂಡಲೇ ಹೊರಡಬೇಡಿ. ಸೂರ್ಯ ಹುಟ್ಟಿದ ಮೇಲೆ ಗಾಳಿ ಕದಲಿ ಮಂಜು ಎಷ್ಟೋ ಸಲ ಇನ್ನಷ್ಟು ದಪ್ಪವಾಗುತ್ತದೆ, ನೆಲ ಕಾದ ಮೇಲೆಯೇ ಬುಡದಿಂದ ಬಿಡುತ್ತದೆ. ಚಹಾ ಕುಡಿದು, ದೂರದ ಕಂಬಗಳೂ ಕಾಣತೊಡಗಿದ ಮೇಲೆ ಶಿರಸಿ ದಾರಿ ಹಿಡಿದರೆ ಸಾಕು.