ವಜ್ರದ ಗಣಿಗಳು, ಕ್ಯಾರಿಬೂ ಹಿಂಡು: ಒಟ್ಟು ಹೊರೆಯನ್ನು ಅಳೆದ ಬಗೆ

ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಹೊಸ ಗಣಿಯನ್ನು ತೆರೆಯಲು ಅಥವಾ ಇರುವ ಗಣಿಯನ್ನು ವಿಸ್ತರಿಸಲು ಹೊರಟವರು, ಪರಿಸರ ಪರಿಶೀಲನೆಗೆ ಬಂದಾಗ, ತಮ್ಮ ಗಣಿಯಿಂದ ಏನಾಗುತ್ತದೆ ಎಂದಷ್ಟೇ ಹೇಳಿದರೆ ಸಾಲದು. ಈಗಾಗಲೇ ಆಗಿಹೋಗಿರುವುದರ ಮೇಲೆ ಅದು ಎಷ್ಟನ್ನು ಸೇರಿಸುತ್ತದೆ, ಮುಂದೆ ಬರಲಿರುವ ಯೋಜನೆಗಳೊಡನೆ ಕೂಡಿ ಏನಾಗುತ್ತದೆ ಎಂಬುದನ್ನೂ ತೋರಿಸಬೇಕು. 1998ರ ಮೆಕೆಂಝಿ ಕಣಿವೆ ಸಂಪನ್ಮೂಲ ನಿರ್ವಹಣಾ ಕಾಯ್ದೆಯೇ ಇದನ್ನು ಕಡ್ಡಾಯಗೊಳಿಸಿದೆ. ಅಲ್ಲಿನ ರಾಜಧಾನಿ ಯೆಲ್ಲೋನೈಫ್‌ನಲ್ಲಿ ಪರಿಸರ ಸಲಹೆಗಾರನಾಗಿದ್ದ ವರ್ಷಗಳಲ್ಲಿ, ಲಾಕ್ ದ ಗ್ರಾ ಸರೋವರದ ಸುತ್ತಲಿನ ವಜ್ರದ ಗಣಿಗಳ ವಿಷಯದಲ್ಲಿ ಇಂಥ ಸಂಚಿತ ಪರಿಣಾಮದ ಅಧ್ಯಾಯಗಳನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಆ ಕೆಲಸವನ್ನು ಹೇಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಇಡೀ ಅಧ್ಯಯನದ ಫಲಿತಾಂಶ ಬಹುಮಟ್ಟಿಗೆ ಮೊದಲ ವಾರಗಳಲ್ಲೇ, ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರಲ್ಲೇ, ತೀರ್ಮಾನವಾಗಿಬಿಡುತ್ತದೆ. ಯೆಲ್ಲೋನೈಫ್‌ನಿಂದ ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದ, ಮರಗಳಿಲ್ಲದ ಬಯಲಿನಲ್ಲಿ 1998ರಲ್ಲಿ ಎಕಾಟಿ, 2003ರಲ್ಲಿ ಡಯಾವಿಕ್ ಗಣಿಗಳು ಆರಂಭವಾದವು. ಅವುಗಳಿಂದ ದಕ್ಷಿಣದ ಕಡೆಗೆ 2008ರಲ್ಲಿ ಸ್ನ್ಯಾಪ್ ಲೇಕ್, 2016ರಲ್ಲಿ ಗಾಚೋ ಕ್ವೇ ಬಂದವು. ಗುತ್ತಿಗೆಯ ಗಡಿಯನ್ನೇ ಅಧ್ಯಯನದ ಗಡಿಯೆಂದು ಹಿಡಿದರೆ ಇವುಗಳಲ್ಲಿ ಪ್ರತಿಯೊಂದೂ ಟಂಡ್ರಾದ ಮೇಲಿನ ಒಂದು ಚುಕ್ಕೆ ಮಾತ್ರ. ಆದರೆ ಬಾಥರ್ಸ್ಟ್ ಎಂಬ ಕ್ಯಾರಿಬೂ (ಉತ್ತರ ಅಮೆರಿಕದ ಹಿಮಸಾರಂಗ) ಹಿಂಡು ಜೂನ್ ತಿಂಗಳಲ್ಲಿ ಪಕ್ಕದ ಪ್ರಾಂತವಾದ ನುನಾವುಟ್‌ನ ಬಾಥರ್ಸ್ಟ್ ಕೊಲ್ಲಿಯ ಕಡೆ ಕರು ಹಾಕಿ, ಬೇಸಿಗೆಯಲ್ಲಿ ಮೇಯುತ್ತ ದಕ್ಷಿಣಕ್ಕೆ ಇಳಿದು, ಇದೇ ಸರೋವರಗಳ ನಡುವಿನ ಇಕ್ಕಟ್ಟಾದ ನೆಲದ ದಾರಿಗಳನ್ನು ಹಾದು, ಚಳಿಗಾಲಕ್ಕೆ ಕಾಡಿನ ಅಂಚನ್ನು ಸೇರುತ್ತದೆ. ಒಂದೇ ಹಸು, ಅಂದರೆ ಹೆಣ್ಣು ಕ್ಯಾರಿಬೂ, ಒಂದೇ ವರ್ಷದಲ್ಲಿ ಹಲವು ಗಣಿಗಳನ್ನೂ ಅವುಗಳ ದಾರಿಗಳನ್ನೂ ಎದುರಿಸಬಹುದು. ಆದ್ದರಿಂದ ಕ್ಯಾರಿಬೂಗೆ ಸಂಬಂಧಿಸಿದಂತೆ ಹಿಂಡಿನ ಇಡೀ ವಾರ್ಷಿಕ ಸಂಚಾರ ಕ್ಷೇತ್ರವನ್ನೇ ಗಡಿಯಾಗಿ ಹಿಡಿದೆ. ನೀರಿಗೆ ಈ ಗಡಿ ಹೊಂದುವುದಿಲ್ಲ. ಲಾಕ್ ದ ಗ್ರಾದ ನೀರು ಕಾಪರ್‌ಮೈನ್ ನದಿಯಾಗಿ ಉತ್ತರದ ಸಮುದ್ರಕ್ಕೆ ಹರಿಯುವುದರಿಂದ ಅಲ್ಲಿ ಜಲಾನಯನ ಪ್ರದೇಶವೇ ಗಡಿಯಾಯಿತು. ಜನರ ವಿಷಯದಲ್ಲಿ ಬೆಚೊಕೊ, ಲುಟ್ಸೆಲ್ ಕೇ, ಡೆಟ್ಟಾ ಮೊದಲಾದ, ಗಣಿಯಿಂದ ನೂರಾರು ಕಿಲೋಮೀಟರ್ ದೂರದ ಊರುಗಳನ್ನು ಒಳಗೆ ತರಬೇಕಾಯಿತು.

ನಂತರದ್ದು ಕಾಲದ ಗಡಿ. ಅರ್ಜಿ ಹಾಕಿದ ವರ್ಷದ ಸ್ಥಿತಿಯನ್ನೇ ಮೂಲ ಸ್ಥಿತಿಯೆಂದು ಬರೆಯುವುದು ಸುಲಭ, ಮತ್ತು ಅದು ಪರಿಶೀಲನೆಯನ್ನೇ ಪೊಳ್ಳು ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. 1986ರಲ್ಲಿ ಸುಮಾರು 4,70,000 ಇದ್ದ ಬಾಥರ್ಸ್ಟ್ ಹಿಂಡು 2009ರಲ್ಲಿ ಸುಮಾರು 32,000ಕ್ಕೆ, 2018ರಲ್ಲಿ ಸುಮಾರು 8,200ಕ್ಕೆ, 2021ರಲ್ಲಿ ಆರು ಸಾವಿರ ಚಿಲ್ಲರೆಗೆ ಕುಸಿಯಿತು. ಕುಸಿದ ಹಿಂಡನ್ನು ಆರಂಭದ ಬಿಂದುವಾಗಿಸಿದರೆ, ಅದುವರೆಗೆ ಕಳೆದುಹೋದದ್ದೆಲ್ಲವೂ ಲೆಕ್ಕದಿಂದ ಜಾರಿಹೋಗುತ್ತದೆ. ಕ್ಯಾರಿಬೂ ಹಿಂಡುಗಳು ದಶಕಗಳ ಅವಧಿಯಲ್ಲಿ ತಾವಾಗಿಯೇ ಏರಿ ಇಳಿಯುತ್ತವೆ ಎಂಬುದು ನಿಜ. ಅಲ್ಲಿನ ಮೂಲನಿವಾಸಿಗಳಾದ ದೆನೆ ಜನರ ಹಿರಿಯರ ನೆನಪಿನಲ್ಲೂ ಕ್ಯಾರಿಬೂ ಬಾರದೆ ಹೋದ ಕಾಲಗಳಿವೆ. ಹೀಗಾಗಿ ಈ ಕುಸಿತವನ್ನೆಲ್ಲ ಗಣಿಗಳ ತಲೆಗೆ ಕಟ್ಟಲು ಆಧಾರವಿರಲಿಲ್ಲ, ಕಟ್ಟಲೂ ಇಲ್ಲ. ಇಳಿದ ಹಿಂಡು ಮತ್ತೆ ಏರಲು ಬೇಕಾದ ಕಸುವನ್ನು ಈ ಅಡಚಣೆಗಳು ಎಷ್ಟರ ಮಟ್ಟಿಗೆ ಕಸಿದುಕೊಳ್ಳುತ್ತಿವೆ ಎಂಬುದನ್ನೇ ಅಧ್ಯಾಯದ ಕೇಂದ್ರ ಪ್ರಶ್ನೆಯಾಗಿಸಿದೆ.

ಆ ಪ್ರಶ್ನೆಗೆ ಉತ್ತರ ಹುಡುಕಲು ಪರಿಣಾಮದ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಬೇಕಾಯಿತು. ಸ್ಫೋಟ ಮತ್ತು ಲಾರಿಗಳ ಸಂಚಾರದಿಂದ ಎದ್ದ ದೂಳು ಕಲ್ಲುಹೂವು ಮತ್ತು ಪೊದೆಗಳ ಮೇಲೆ ಕೂರುತ್ತದೆ. ಸದ್ದು, ವಾಸನೆ, ಚಲನೆಗಳು ಪ್ರಾಣಿಗಳನ್ನು ದೂರವಿಡುತ್ತವೆ. ಎಕಾಟಿ ಮತ್ತು ಡಯಾವಿಕ್ ಸುತ್ತ ನಡೆದ ಅಧ್ಯಯನಗಳು ಸುಮಾರು 14 ಕಿಲೋಮೀಟರ್‌ವರೆಗೂ ಕ್ಯಾರಿಬೂ ಕಾಣಿಸಿಕೊಳ್ಳುವುದು ಕಡಿಮೆಯೆಂದು ತೋರಿಸಿದ್ದವು. ಕೊರಳಪಟ್ಟಿ ತೊಡಿಸಿದ ಹಸುಗಳ ಉಪಗ್ರಹ ಮಾಹಿತಿಯಿಂದ, ಒಂದು ಹಸು ಬೇಸಿಗೆಯಲ್ಲಿ ಇಂಥ ವಲಯಗಳಲ್ಲಿ ಎಷ್ಟು ಕಾಲ ಕಳೆಯುತ್ತದೆ ಎಂದು ಅಂದಾಜಿಸಿ, ಮೇಯುವ ಹೊತ್ತು ಎಷ್ಟು ಕಡಿಮೆಯಾಗುತ್ತದೆ, ಓಡುವುದರಲ್ಲಿ ಎಷ್ಟು ಶಕ್ತಿ ಹೋಗುತ್ತದೆ ಎಂಬ ಲೆಕ್ಕ ಹಾಕಿದೆವು. ಶರತ್ಕಾಲದಲ್ಲಿ ಸಾಕಷ್ಟು ಕೊಬ್ಬು ಕೂಡಿಸಿಕೊಳ್ಳದ ಹಸು ಗರ್ಭ ಧರಿಸುವ ಸಾಧ್ಯತೆ ಕಡಿಮೆ. ಬಿಸಿಯಾದ ಬೇಸಿಗೆಗಳಲ್ಲಿ ಸೊಳ್ಳೆ ಮತ್ತು ನೊಣಗಳ ಕಾಟವೂ ಇದೇ ಹೊತ್ತನ್ನು ತಿನ್ನುವುದರಿಂದ, ಹವಾಮಾನದ ಬದಲಾವಣೆಯನ್ನು ಹೊರಗಿಟ್ಟು ಗಣಿಯ ಪಾಲನ್ನು ಮಾತ್ರ ಎಣಿಸುವುದು ಅರ್ಥಹೀನವೆನಿಸಿತು. ಹೆಚ್ಚಾಗಿ ಹೆಪ್ಪುಗಟ್ಟಿದ ಸರೋವರಗಳ ಮೇಲೆಯೇ ಸಾಗುವ 400 ಕಿಲೋಮೀಟರ್ ಉದ್ದದ ಚಳಿಗಾಲದ ರಸ್ತೆಯೂ, 2006ರಲ್ಲಿ ಬೆಚ್ಚನೆಯ ಹವೆಯಿಂದ ಅದು ಬೇಗ ಮುಚ್ಚಿದ್ದೂ ಅದೇ ನಕ್ಷೆಯೊಳಗೆ ಬಂದವು.

ಹಿರಿಯರ ತಿಳಿವಳಿಕೆ ಈ ಸರಪಳಿಗೆ ಲೆಕ್ಕದಿಂದ ಸಿಗದ ಕೊಂಡಿಯೊಂದನ್ನು ಒದಗಿಸಿತು. ಮುಂದಾಳು ಕ್ಯಾರಿಬೂಗಳನ್ನು ತಡೆಯದೆ ಹಾದುಹೋಗಲು ಬಿಡಬೇಕು, ಆಗ ಉಳಿದವು ಹಿಂಬಾಲಿಸುತ್ತವೆ ಎಂಬುದು ಅಲ್ಲಿನ ಬೇಟೆಗಾರರ ಹಳೆಯ ಕಟ್ಟಳೆ. ಗಣಿಯ ರಸ್ತೆಯಲ್ಲಿ ಪ್ರಾಣಿಗಳು ಗುಂಪಾಗಿ ಕಂಡಾಗ ಲಾರಿಗಳನ್ನು ನಿಲ್ಲಿಸುವ ನಿಯಮವನ್ನು ನಾವು ಕರಡಿನಲ್ಲಿ ಬರೆದಿದ್ದೆವು. ಮೊದಲ ಕೆಲವೇ ಪ್ರಾಣಿಗಳು ಕಂಡಾಗಲೇ ನಿಲ್ಲಿಸಬೇಕೆಂಬ ಅವರ ಒತ್ತಾಯ ಆ ನಿಯಮಕ್ಕಿಂತ ವಿವೇಕದ್ದಾಗಿತ್ತು.

ಸಾಮಾಜಿಕ ಪರಿಣಾಮವನ್ನು ಬೇರೆ ಸಂಪುಟವಾಗಿ ಬರೆಯುವ ರೂಢಿ ಎಲ್ಲೆಡೆ ಇದೆ. ನಾನು ಎರಡನ್ನೂ ಒಟ್ಟಿಗೆ ಬರೆಯಬೇಕೆಂದು ಹಟ ಹಿಡಿದೆ, ಏಕೆಂದರೆ ಮನೆಗಳಲ್ಲಿ ಅವು ಬೇರೆಯಾಗಿರಲಿಲ್ಲ. ಎರಡು ವಾರ ಗಣಿಯಲ್ಲಿ, ಎರಡು ವಾರ ಊರಿನಲ್ಲಿ ಎಂಬ ಪಾಳಿ ಪದ್ಧತಿ ಮನೆಗೆ ಒಳ್ಳೆಯ ಸಂಬಳ ತಂದಿತು. ಆ ಹಣದಿಂದಲೇ ಸ್ನೋಮೊಬೈಲ್ ಮತ್ತು ಇಂಧನ ಕೊಂಡು ಬೇಟೆಗೆ ಹೋದವರಿದ್ದರು, ಹಣ ಬಂದ ಮೇಲೆ ಕುಡಿತ ಹೆಚ್ಚಾಯಿತೆಂದು ಕೊರಗಿದ ಕುಟುಂಬಗಳೂ ಇದ್ದವು. ಇತ್ತ 2010ರಲ್ಲಿ ಬಾಥರ್ಸ್ಟ್ ಹಿಂಡಿನ ಬೇಟೆಗೆ ಕಠಿಣ ಮಿತಿ ಬಂತು, 2015ರ ಚಳಿಗಾಲದ ಹೊತ್ತಿಗೆ ಟೆರಿಟರಿಯೊಳಗೆ ಅದು ನಿಂತೇಹೋಯಿತು. ತಂದೆ ಗಣಿಯಲ್ಲಿರುವ, ಹಿಂಡೂ ಬಾರದಿರುವ ಹೊತ್ತಿನಲ್ಲಿ ಬೆಳೆದ ಹುಡುಗನಿಗೆ ಮಾಂಸ ಹೆಚ್ಚುವುದನ್ನು, ತೊಗಲು ಹದಮಾಡುವುದನ್ನು ಕಲಿಸುವ ಸಂದರ್ಭವೇ ಇಲ್ಲವಾಗುತ್ತದೆ. ಉದ್ಯೋಗದ ಕೋಷ್ಟಕದಲ್ಲಾಗಲಿ ಪ್ರಾಣಿಗಳ ಗಣತಿಯಲ್ಲಾಗಲಿ ಈ ನಷ್ಟಕ್ಕೆ ಜಾಗವಿಲ್ಲ. ಇದರ ಹಿಂದೆ ಇನ್ನೂ ಹಳೆಯದೊಂದು ಗಾಯವಿತ್ತು: ಯೆಲ್ಲೋನೈಫ್‌ನ ಜೈಂಟ್ ಚಿನ್ನದ ಗಣಿ ಬಿಟ್ಟುಹೋದ 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಇಂದಿಗೂ ನೆಲದಡಿ ಇದೆ, 1951ರಲ್ಲಿ ಆರ್ಸೆನಿಕ್ ವಿಷದಿಂದ ದೆನೆ ಮಗುವೊಂದು ಸತ್ತದ್ದನ್ನು ಆ ಊರು ಮರೆತಿಲ್ಲ. ವಜ್ರದ ಗಣಿಯ ನೀರು ಶುದ್ಧವೆಂದು ಪ್ರಯೋಗಾಲಯ ಹೇಳಿದರೂ ಜನ ಮೀನು ತಿನ್ನಲು ಅಂಜುವುದಕ್ಕೆ ಈ ಇತಿಹಾಸವೇ ಕಾರಣವಾದ್ದರಿಂದ, ಆ ಅಂಜಿಕೆಯನ್ನೂ ಸಂಚಿತ ಪರಿಣಾಮವೆಂದೇ ದಾಖಲಿಸಿದೆ.

ಕೊನೆಗೆ ಪರಿಣಾಮ ಗಣನೀಯವೇ ಅಲ್ಲವೇ ಎಂದು ತೀರ್ಪು ಕೊಡಬೇಕು. ತಮ್ಮ ಯೋಜನೆಯಿಂದ ಆಗುವ ಹೆಚ್ಚಳ ಒಂದು ಶೇಕಡಕ್ಕಿಂತ ಕಡಿಮೆ, ಆದ್ದರಿಂದ ನಗಣ್ಯ ಎಂಬ ವಾದ ಪ್ರತಿ ಅರ್ಜಿಯಲ್ಲೂ ಇರುತ್ತದೆ. ಹನಿಗೂಡಿ ಹಳ್ಳವಾಗುವುದು ಹೀಗೆಯೇ. ಒಟ್ಟು ಹೊರೆ ಗಣನೀಯವಾಗಿದ್ದರೆ ಅದಕ್ಕೆ ಸೇರಿಸುವ ಸಣ್ಣ ಪಾಲಿಗೂ ಪರಿಹಾರ ಕ್ರಮ ಬೇಕೆಂದು ನಾನು ಬರೆದೆ. ಬಳ್ಳಾರಿಯ ಅದಿರಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಜಿಲ್ಲೆಯ ಒಟ್ಟು ವಾರ್ಷಿಕ ಉತ್ಪಾದನೆಗೆ 25 ಮಿಲಿಯನ್ ಟನ್ನುಗಳ ಮಿತಿ ಹಾಕಿದ್ದನ್ನು ಸಹೋದ್ಯೋಗಿಗಳಿಗೆ ಹಲವು ಸಲ ವಿವರಿಸಿದ್ದೇನೆ, ಏಕೆಂದರೆ ಅಲ್ಲಿ ಮಿತಿ ಬಿದ್ದದ್ದು ಮೊತ್ತದ ಮೇಲೆ. ಬಾಥರ್ಸ್ಟ್ ಹಿಂಡಿಗೂ 2019ರ ಸಂಚಾರ ಕ್ಷೇತ್ರ ಯೋಜನೆ ಪ್ರದೇಶವಾರು ಅಡಚಣೆಯ ಹಂತಗಳನ್ನು ಗುರುತಿಸಿತು.

ಸ್ನ್ಯಾಪ್ ಲೇಕ್ ಗಣಿಯ ಕೆಲಸ 2015ರಲ್ಲೇ ನಿಂತಿತು, ಡಯಾವಿಕ್ 2026ರ ಹೊತ್ತಿಗೆ ನಿಲ್ಲುವ ಯೋಜನೆ ಹಾಕಿಕೊಂಡಿತು. ಒಂದೇ ಪ್ರದೇಶದ ಗಣಿಗಳು ಕೆಲವೇ ವರ್ಷಗಳ ಅಂತರದಲ್ಲಿ ಮುಚ್ಚಿದರೆ ಕೆಲಸ, ತರಬೇತಿ, ಗಣಿ ಕಂಪನಿಗಳು ಒಪ್ಪಂದದಂತೆ ಊರುಗಳಿಗೆ ಕೊಡುವ ಹಣ ಒಟ್ಟಿಗೆ ಹೋಗುತ್ತವೆ, ಆದರೆ ಮುಚ್ಚುವ ಯೋಜನೆಗಳನ್ನು ಈಗಲೂ ಗಣಿಗೊಂದರಂತೆ ಪ್ರತ್ಯೇಕವಾಗಿ ಪರಿಶೀಲಿಸಲಾಗುತ್ತದೆ. ತೆರೆಯುವಾಗ ಒಟ್ಟುಗೂಡಿಸಿ ಅಳೆದ ಬಗೆಯಲ್ಲೇ ಮುಚ್ಚುವಾಗಲೂ ಅಳೆಯಬೇಕೆಂದು ನನ್ನ ಕಡೆಯ ವರದಿಗಳಲ್ಲಿ ಶಿಫಾರಸು ಮಾಡಿದ್ದೇನೆ, ಅದಕ್ಕೆ ಬೇಕಾದ ಕೌಟುಂಬಿಕ ಆದಾಯ ಮತ್ತು ಬೇಟೆಯ ಮಾಹಿತಿಯನ್ನು ಗಣಿಗಳು ನಡೆಯುತ್ತಿರುವಾಗಲೇ ಕಲೆಹಾಕಲು ಊರುಗಳಿಗೆ ಹಣ ಒದಗಿಸಬೇಕೆಂದೂ ಕೇಳಿದ್ದೇನೆ.